ನಾಯಿ ನಿಮ್ಮದಾದರೆ ಹೊಲಸೂ ನಿಮ್ಮದೇ

ನಮಸ್ಕಾರ, ಮುಂಬಯಿಯ ಮಾಟುಂಗಾದಿಂದ ಮಾತನಾಡುತ್ತಿದ್ದೇನೆ. ಈ ವಾರಕ್ಕೆ ಲೋಕಲ್ ರೈಲಿನ ಮಹಿಳಾ ಬೋಗಿಯ ಬಗ್ಗೆ ಬರೆದಿಟ್ಟಿದ್ದೆ. ಅದು ಮುಂದಿನ ವಾರ. ಹಿಂದಿನ ಸಂಚಿಕೆಯಲ್ಲಿ ನಾಯಿಯನ್ನು ವಾಯುವಿಹಾರಕ್ಕೆ ಕರೆತರುವವರು ಅದರ ಮಲವನ್ನೂ ತೆಗೆಯಬೇಕು ಎಂದು ಒಂದೇ ಒಂದು ಮಾತು ಹೇಳಿದ್ದೆ. ಅದಕ್ಕೊಬ್ಬ ಮಹಾಶಯರು ಬರೆದಿದ್ದಾರೆ: “ಮಣ್ಣಿಗೆ ಬಿದ್ದರೆ ಗೊಬ್ಬರ, ಮಳೆ ಬಂದರೆ ತೊಳೆದುಹೋಗುತ್ತದೆ. ಇದೂ ಒಂದು ಸಮಸ್ಯೆಯೇ?” ನಲವತ್ತು ಮಂದಿ ಅದಕ್ಕೆ ಮೆಚ್ಚುಗೆ ಒತ್ತಿದ್ದಾರೆ. ಈ ಸಂಚಿಕೆ ಆ ನಲವತ್ತು ಮಂದಿಗೆ.

ನನ್ನ ಮಾತು ಇಷ್ಟೇ. ನಾಯಿ ನಿಮ್ಮದಾದರೆ ಅದರ ಹೊಲಸೂ ನಿಮ್ಮದೇ.

ನಾಯಿ ಕಂಡರಾಗದವಳು ಎಂದುಕೊಳ್ಳಬೇಡಿ. ನಮ್ಮ ಮನೆಯ ರಾಜಾನಿಗೆ ಈಗ ಹತ್ತು ವರ್ಷ. ದಿನಕ್ಕೆರಡು ಸಲ, ಜುಲೈ ಮಳೆಯಲ್ಲಿಯೂ, ಅವನನ್ನು ಕರೆದುಕೊಂಡು ಕೆಳಗಿಳಿಯುತ್ತೇನೆ. ಹಳೆಯ ಪತ್ರಿಕೆಯ ಎರಡು ಹಾಳೆ, ಒಂದು ಚೀಲ. ಅರ್ಧ ನಿಮಿಷದ ಕೆಲಸ.

ಗೊಬ್ಬರವಂತೆ! ನಮ್ಮಜ್ಜಿ ಊರಿನಲ್ಲಿ ಸಗಣಿಯಿಂದ ಅಂಗಳ ಸಾರಿಸುತ್ತಿದ್ದರು. ಸಗಣಿ ಹುಲ್ಲು ತಿನ್ನುವ ಹಸುವಿನದು. ನಾಯಿಯ ಹೊಟ್ಟೆಯ ಹುಳುಗಳು ಮನುಷ್ಯನ ಮೈಗೂ ಇಳಿಯುತ್ತವೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರು ಮೊದಲು ತಮ್ಮ ಬಾಲ್ಕನಿಯ ತುಳಸಿ ಕುಂಡಕ್ಕೆ ಆ ಗೊಬ್ಬರ ಹಾಕಿ ತೋರಿಸಲಿ.

ಟಾಕ್ಸೊಕಾರಾ ಎಂಬ ದುಂಡುಹುಳುವಿದೆ. ಅದರ ಮೊಟ್ಟೆ ನಾಯಿಯ ಮಲದಲ್ಲಿ ಹೊರಬರುತ್ತದೆ. ಬಿದ್ದ ದಿನವೇ ಅದು ಸೋಂಕು ತಗುಲಿಸುವುದಿಲ್ಲ. ಮಣ್ಣಿನಲ್ಲಿ ಕೆಲವು ವಾರ ಬಲಿಯಬೇಕು. ಅಷ್ಟರಲ್ಲಿ ಮಲ ಒಣಗಿ ಪುಡಿಯಾಗಿ ಕಣ್ಣಿಗೆ ಕಾಣದಂತಾಗಿರುತ್ತದೆ. ಮೊಟ್ಟೆ ಮಾತ್ರ ಅಲ್ಲಿಯೇ ಇರುತ್ತದೆ, ವರ್ಷಗಟ್ಟಲೆ ಬದುಕಬಲ್ಲದು. ಮಣ್ಣಿನಲ್ಲಿ ಆಡಿದ ಮಗು ಆ ಕೈಯನ್ನೇ ಬಾಯಿಗಿಟ್ಟುಕೊಳ್ಳುತ್ತದೆ. ಮರಿಹುಳು ಯಕೃತ್ತಿಗೆ, ಶ್ವಾಸಕೋಶಕ್ಕೆ, ಕೆಲವೊಮ್ಮೆ ಕಣ್ಣಿಗೆ ಹೋಗಿ ದೃಷ್ಟಿಯನ್ನೇ ಕೆಡಿಸಬಹುದು. ಕೊಕ್ಕೆಹುಳುವಿನ ಮರಿಗಳಿಗೆ ಬಾಯಿಯೂ ಬೇಡ, ಬರಿಗಾಲಿನ ಚರ್ಮವನ್ನೇ ಕೊರೆದು ಒಳಗೆ ಸೇರುತ್ತವೆ. ಅಂದರೆ ಬಿದ್ದ ಕೂಡಲೇ ತೆಗೆದರೆ ಅರ್ಧ ಅಪಾಯ ಅಲ್ಲಿಗೇ ಮುಗಿಯಿತು. ತೆಗೆಯಬೇಕಾದವರು ನೀವು. ನಾಯಿ ನಿಮ್ಮದು!

ಇನ್ನು ಮಳೆ. ತೊಳೆದುಹೋಗುತ್ತದೆ, ನಿಜ. ಎಲ್ಲಿಗೆ? ಮುಂಬಯಿಯ ಮಳೆನೀರಿನ ಚರಂಡಿಗಳು ಖಾಡಿಗೆ, ಅಂದರೆ ಕಡಲ ಹಿನ್ನೀರಿಗೆ, ಸಮುದ್ರಕ್ಕೆ ಹೋಗುತ್ತವೆ. ಭಾನುವಾರ ಮಕ್ಕಳನ್ನು ಕರೆದುಕೊಂಡು ದಾದರ್ ಚೌಪಾಟಿಗೆ ಹೋಗಿ ಕಾಲು ನೆನೆಸುವವರೂ ನೀವೇ. ಮಳೆ ಜೋರಾಗಿ ಬಂದು ನೀರು ನಿಂತರಂತೂ ಆ ಹೊಲಸು ನಮ್ಮ ಮೊಣಕಾಲಿನ ಮಟ್ಟಕ್ಕೆ ಬರುತ್ತದೆ. 2005ರ ಜುಲೈ 26ರ ಮಹಾಮಳೆಯ ನೀರಿನಲ್ಲಿ ನಡೆದವರು ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ಮೊನ್ನೆ ಮಂಗಳವಾರ, ಬೆಳಗಿನ ಆರೂಮುಕ್ಕಾಲು, ಫೈವ್ ಗಾರ್ಡನ್ಸ್ ಉದ್ಯಾನದ ಬಳಿ. ರಸ್ತೆ ಗುಡಿಸುವ ಮೌಶಿ (ಮರಾಠಿಯಲ್ಲಿ ಚಿಕ್ಕಮ್ಮ) ಉದ್ದ ಕಡ್ಡಿಪೊರಕೆಯಿಂದ ಎಲೆ ಒಟ್ಟುಮಾಡುತ್ತಿದ್ದರು. ಒಣ ಎಲೆಯ ಅಡಿಯಲ್ಲಿ ಹಸಿ ಮಲವಿತ್ತು. ಕಡ್ಡಿಗಳ ನಡುವೆ ಅದು ಮೆತ್ತಿಕೊಂಡಿತು. ಅವರು ಪೊರಕೆಯನ್ನು ಪಾದಚಾರಿ ಮಾರ್ಗದ ಅಂಚಿಗೆ ಎರಡು ಸಲ ಬಡಿದರು, ಹೋಗಲಿಲ್ಲ. ಬಗ್ಗಿ, ಒಂದು ಬಾದಾಮಿ ಎಲೆ ಹಿಡಿದು ಕಡ್ಡಿ ಕಡ್ಡಿಯನ್ನೂ ಒರೆಸಿದರು. ಕೈಗವಸಿನ ಹೆಬ್ಬೆರಳು ಹರಿದಿತ್ತು. ನಾನು ನಿಂತದ್ದನ್ನು ನೋಡಿ “ರೋಜಚಂಚ ಆಹೇ, ತಾಈ” ಎಂದರು. ದಿನಾ ಇದೇ, ಅಕ್ಕ. ಇಪ್ಪತ್ತು ಹೆಜ್ಜೆ ಮುಂದೆ ಆ ನಾಯಿಯ ಯಜಮಾನರು ಮೊಬೈಲಿನಲ್ಲಿ ಷೇರುಪೇಟೆಯ ಮಾತನಾಡುತ್ತ ಹೋಗುತ್ತಿದ್ದರು. ನಾಯಿಯಾದರೂ ಒಮ್ಮೆ ತಿರುಗಿ ನೋಡಿತು, ಅವರು ನೋಡಲಿಲ್ಲ.

“ತೆರಿಗೆ ಕಟ್ಟುತ್ತೇವಲ್ಲ” ಎನ್ನುತ್ತಾರೆ. ಆ ಮೌಶಿಯ ಪೊರಕೆಗೆ ನಿಮ್ಮ ಮನೆಯ ಹೊಲಸನ್ನು ಮೆತ್ತುವ ಹಕ್ಕನ್ನು ಯಾವ ತೆರಿಗೆಯೂ ಕೊಡುವುದಿಲ್ಲ. “ಬೀದಿನಾಯಿಗಳೂ ಮಾಡುತ್ತವಲ್ಲ” ಎನ್ನುತ್ತಾರೆ. ಹೌದು, ಮಾಡುತ್ತವೆ. ಅವುಗಳಿಗೆ ಯಜಮಾನರಿಲ್ಲ. ನಿಮ್ಮ ನಾಯಿಯ ಕೊರಳಿನ ಹಗ್ಗದ ಇನ್ನೊಂದು ತುದಿಯಲ್ಲಿ ನೀವಿದ್ದೀರಿ! “ಕೆಲಸದ ಹುಡುಗ ಕರೆದೊಯ್ಯುತ್ತಾನೆ, ನಮಗೇನು ಗೊತ್ತು” ಎನ್ನುವವರೂ ಇದ್ದಾರೆ. ಗೊತ್ತುಮಾಡಿಕೊಳ್ಳಿ. ಅವನ ಕೈಗೆ ಕಾಗದ ಕೊಡಿ, ಅದಕ್ಕೆ ಸಂಬಳವನ್ನೂ ಹೆಚ್ಚಿಸಿ.

ಕಾನೂನು ಇಲ್ಲವೆಂದೇನೂ ಅಲ್ಲ. ಬೃಹನ್ಮುಂಬಯಿ ಮಹಾನಗರ ಪಾಲಿಕೆಯ 2006ರ ಸ್ವಚ್ಛತಾ ಉಪವಿಧಿಗಳಲ್ಲಿ ಸಾಕುಪ್ರಾಣಿಯ ಹೊಲಸನ್ನು ಬೀದಿಯಲ್ಲಿ ಬಿಟ್ಟರೆ 500 ರೂಪಾಯಿ ದಂಡವೆಂದು ಬರೆದಿದೆ. ನ್ಯೂಯಾರ್ಕ್ 1978ರಲ್ಲಿಯೇ ಯಜಮಾನರೇ ತೆಗೆಯಬೇಕೆಂಬ ಕಾನೂನು ತಂದಿತು. ಅಲ್ಲಿಯೂ ಮೊದಲು ಜನ ಗೊಣಗಿದರು, ಆಮೇಲೆ ಬಗ್ಗಿ ತೆಗೆದರು. ಬಗ್ಗುವುದಕ್ಕೆ ನಮಗೇನು ಕಷ್ಟ? ದೇವರ ಮುಂದೆ ಬಗ್ಗುತ್ತೇವೆ, ಬಿದ್ದ ಹತ್ತು ರೂಪಾಯಿಗೆ ಬಗ್ಗುತ್ತೇವೆ. ನಿಮ್ಮ ನಾಯಿಗಾಗಿ ಬಗ್ಗಿ!

ಇದನ್ನು ಎಷ್ಟು ಸಲ ಹೇಳುತ್ತೀರಿ ಎಂದು ಕೇಳಬೇಡಿ. ಮಾಟುಂಗಾದ ಪಾದಚಾರಿ ಮಾರ್ಗದಲ್ಲಿ ಬಾಳೆಲೆ ಹಾಸಿಕೊಂಡು ಮಲ್ಲಿಗೆ ಕಟ್ಟುವವರ ಪಕ್ಕದಲ್ಲಿ ಹೊಲಸು ಕಾಣದಾಗುವವರೆಗೂ ಹೇಳುತ್ತೇನೆ. ನಾಯಿ ನಿಮ್ಮದು, ನಾಯಿ ನಿಮ್ಮದು, ನಾಯಿ ನಿಮ್ಮದು!

ಚಾನೆಲ್‌ಗೆ ಚಂದಾದಾರರಾಗದವರು ಆಗಿ. ಈ ಸಂಚಿಕೆಯನ್ನು ನಿಮ್ಮ ಸೊಸೈಟಿಯ ವಾಟ್ಸ್‌ಆ್ಯಪ್ ಗುಂಪಿಗೆ ಕಳುಹಿಸಿ, ಯಾರಿಗೆ ತಾಗಬೇಕೋ ಅವರಿಗೆ ತಾಗಲಿ. ಈ ಭಾನುವಾರ ಬೆಳಿಗ್ಗೆ ಆರೂವರೆಗೆ ಫೈವ್ ಗಾರ್ಡನ್ಸ್‌ನಲ್ಲಿ ಇರುತ್ತೇನೆ, ರಾಜಾನೂ ಇರುತ್ತಾನೆ. ಒಂದು ಕಟ್ಟು ಹಳೆಯ ಪತ್ರಿಕೆ ತರುತ್ತೇನೆ, ಮೌಶಿಗೆ ಹೊಸ ಕೈಗವಸನ್ನೂ. ಗೊಬ್ಬರದ ಮಹಾಶಯರೇ, ನೀವೂ ಬನ್ನಿ, ನಿಮ್ಮ ನಾಯಿಯನ್ನೂ ಕರೆತನ್ನಿ. ಮೊದಲ ಹಾಳೆ ನಿಮಗೇ ಕೊಡುತ್ತೇನೆ.