ದಾಸವಾಳದ ಪದ

ಕೇಳುಗರಿಗೆ ನಮಸ್ಕಾರ.

ನಾನು ಸಸ್ಯಶಾಸ್ತ್ರದ ಮೇಡಂ. ಪ್ರತಿ ವರ್ಷ ಬಿ.ಎಸ್ಸಿ. ಮೊದಲ ವರ್ಷದವರಿಗೆ ದಾಸವಾಳ ಸೀಳಿ ತೋರಿಸುತ್ತೇನೆ. ಬ್ಲೇಡು ಉದ್ದಕ್ಕೆ ಎಳೆದರೆ ಕೇಸರಗಳ ಕೊಳವೆ, ಅದರೊಳಗಿಂದ ತೂರಿ ಬಂದ ಶಲಾಕೆ, ತುದಿಯಲ್ಲಿ ಐದು ಪುಟ್ಟ ಗುಂಡು. ಗಂಡು ಹೆಣ್ಣು ಒಂದೇ ಹೂವಿನಲ್ಲಿ. ಬೋರ್ಡಿನ ಮೇಲೆ ‘ದ್ವಿಲಿಂಗಿ ಪುಷ್ಪ’ ಅಂತ ಬರೆದೆನೋ ಇಲ್ಲವೋ, ಹಿಂದಿನ ಬೆಂಚಿನಲ್ಲಿ ಕಿಸಕ್ಕನೆ ನಗು.

ಒಮ್ಮೆ ಕ್ಲಾಸ್ ಮುಗಿದ ಮೇಲೆ ಒಬ್ಬಳು ಉಳಿದುಕೊಂಡಳು, ಟ್ರೇ ತೊಳೆಯುವ ನೆಪದಲ್ಲಿ. “ಮೇಡಂ, ಮನುಷ್ಯರಲ್ಲೂ ದ್ವಿಲಿಂಗಿಗಳು ಅಂತಾರಲ್ಲ, ಅವರಿಗೂ ಹೀಗೇ ಎರಡೂ ಇರುತ್ತಾ?”

ಇಲ್ಲಮ್ಮ, ಅಂದೆ. ಅದು ದೇಹದ ಮಾತಲ್ಲ, ಮನಸ್ಸು ಗಂಡು ಹೆಣ್ಣು ಇಬ್ಬರ ಕಡೆಗೂ ವಾಲುತ್ತೆ ಅನ್ನೋ ಮಾತು. ತಪ್ಪು ಅವಳದಲ್ಲ. ಇಂಗ್ಲಿಷಿನ ‘ಬೈಸೆಕ್ಷುಯಲ್’ ಕೂಡ ಮೊದಲು ಹೂವು, ಹುಳಗಳ ಪದವೇ. ಆಕರ್ಷಣೆಯ ಅರ್ಥ ಬಂದದ್ದು ಆಮೇಲೆ. ನಾವೂ ಹೂವಿನ ಪದವನ್ನೇ ಮನುಷ್ಯರಿಗೆ ಅಂಟಿಸಿದೆವು. ಈಗಿನ ಹುಡುಗರು ‘ಬೈ’ ಅಂತ ಮುಗಿಸಿಬಿಡುತ್ತಾರೆ. ಅವರೇ ಜಾಣರು.

ಆ ‘ದ್ವಿ’ ನನ್ನನ್ನೂ ವರ್ಷಗಟ್ಟಲೆ ಕಾಡಿದೆ. ಎರಡು ಅಂದರೆ ತಕ್ಕಡಿಯಲ್ಲಿಟ್ಟ ಹಾಗೆ ಸಮಪಾಲು ಅಂದುಕೊಂಡಿದ್ದೆ. ಹಾಸ್ಟೆಲಿನಲ್ಲಿ ಪಕ್ಕದ ಮಂಚದವಳು ಊರಿಗೆ ಹೋದರೆ ನನಗೆ ಊಟ ಸೇರುತ್ತಿರಲಿಲ್ಲ. ಅವಳ ಹೇರ್‌ಪಿನ್ನು ದಿಂಬಿನ ಕೆಳಗಿಟ್ಟು ಮಲಗುತ್ತಿದ್ದೆ. ಮುಂದೆ ಮೆಚ್ಚಿ ಮದುವೆಯಾದದ್ದು ಗಂಡಸನ್ನು. ಹಾಗಾದರೆ ಅದು ಹುಡುಗಾಟವೇ, ಇದು ನಾಟಕವೇ? ನನ್ನವರಿಗೆ ಎಲ್ಲ ಗೊತ್ತು. ರೇಡಿಯೊದಲ್ಲಿ ಹೇಳುತ್ತೇನೆ ಅಂದಾಗ ಕಾಫಿ ಲೋಟ ಕೆಳಗಿಟ್ಟು, “ಹೇರ್‌ಪಿನ್ನಿನ ವಿಷಯಾನೂ ಹೇಳ್ತೀಯಾ?” ಅಂದರು.

ಅಮೆರಿಕದ ಆಲ್‌ಫ್ರೆಡ್ ಕಿನ್ಸಿ ಮೂಲತಃ ಕಣಜದ ಹುಳ ಹಿಡಿದು ಅಳೆಯುತ್ತಿದ್ದ ಪ್ರಾಣಿಶಾಸ್ತ್ರಜ್ಞ. 1948ರಲ್ಲಿ ಆತ ಮನುಷ್ಯರಿಗೊಂದು ಅಳತೆಗೋಲು ಕೊಟ್ಟ: 0 ಅಂದರೆ ಒಲವೆಲ್ಲ ವಿರುದ್ಧಲಿಂಗದ ಕಡೆಗೆ, 6 ಅಂದರೆ ಎಲ್ಲ ಸ್ವಲಿಂಗದ ಕಡೆಗೆ, ನಡುವೆ ಐದು ಮೆಟ್ಟಿಲು. ಸಾವಿರಾರು ಹುಳಗಳನ್ನು ನೋಡಿದವನಿಗೆ ಮನುಷ್ಯರನ್ನು ಎರಡೇ ಡಬ್ಬಿಗೆ ತುಂಬಲು ಮನಸ್ಸಾಗಲಿಲ್ಲವೇನೋ. 1978ರಲ್ಲಿ ಫ್ರಿಟ್ಜ್ ಕ್ಲೈನ್ ಎಂಬ ಮನೋವೈದ್ಯರು ಒಂದೇ ಅಂಕಿ ಸಾಲದು ಅಂದರು. ಅವರ ಕೋಷ್ಟಕದಲ್ಲಿ ಆಕರ್ಷಣೆ, ಕಲ್ಪನೆ, ಮನಸ್ಸಿನ ನಂಟು ಎಲ್ಲಕ್ಕೂ ಬೇರೆ ಬೇರೆ ಸಾಲು. ಪ್ರತಿ ಸಾಲಿಗೂ ಹಿಂದಿನದು, ಈಗಿನದು, ಬಯಸುವುದು ಅಂತ ಮೂರು ಮನೆ. ನನ್ನ ಹೇರ್‌ಪಿನ್ನಿಗೂ ಅಲ್ಲೊಂದು ಮನೆ ಸಿಕ್ಕಿತು.

“ಡಾಕ್ಟರ ಹತ್ರ ಹೋಗ್ಬೇಕಾ ಮೇಡಂ?” ಅಂದಳು ಟ್ರೇ ತೊಳೆಯುತ್ತಿದ್ದ ಆ ಹುಡುಗಿ. ಕಾಯಿಲೆ ಅಲ್ಲ, ಅಂದೆ. ‘ಸರಿಮಾಡುತ್ತೇವೆ’ ಅನ್ನುವ ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ವೃತ್ತಿ ದುರ್ನಡತೆ ಅಂದಿದೆ. ಮನಸ್ಸು ಭಾರವಾದರೆ ಕೌನ್ಸೆಲರ್ ಜೊತೆ ಮಾತಾಡು, ಅದು ಬೇರೆ.

“ಹಾಗಾದ್ರೆ ನಾನು ಏನು ಅಂತ ಯಾವಾಗ ಹೇಳ್ಬೇಕು?”

“ಹೇಳಲೇಬೇಕು ಅಂದೋರು ಯಾರು?”

ಸೀಳಿದ ದಾಸವಾಳವನ್ನು ರೆಕಾರ್ಡ್ ಬುಕ್ಕಿನ ಹಾಳೆಗಳ ನಡುವೆ ಇಟ್ಟುಕೊಂಡು ಹೊರಟಳು. ಹಸಿ ಹೂವು ಕಣೇ, ಲೋಳೆ ಅಂಟುತ್ತೆ ಅಂದರೂ ಕೇಳಲಿಲ್ಲ.