ಲೆವೆಲ್ ಪೈಪಿನಲ್ಲಿ ಕೂತ ಗಾಳಿ

ಕೇಳುಗರಿಗೆ ನಮಸ್ಕಾರ.

ನಮ್ಮ ಮನೆ ಕಟ್ಟುವಾಗ ನಡೆದದ್ದು ಇದು. ಬಚ್ಚಲಿನ ನೆಲಕ್ಕೆ ಮಟ್ಟ ಗುರುತು ಹಾಕಬೇಕಿತ್ತು. ಅದಕ್ಕೆ ಲೆವೆಲ್ ಪೈಪು, ಅಂದರೆ ನೀರು ತುಂಬಿದ ಪಾರದರ್ಶಕ ಕೊಳವೆ; ಅದರ ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಕೆಲಸದ ಹುಡುಗ ಒಂದು ತುದಿ ಹಿಡಿದ, ಇನ್ನೊಂದನ್ನು ನಾನು ಹಿಡಿದೆ. ನೀರು ನಿಂತ ಕಡೆ ಪೆನ್ಸಿಲಿನಲ್ಲಿ ಗೀರು ಎಳೆದೆವು. ನೆಲ ಹಾಕಿ ಒಂದು ಚೆಂಬು ನೀರು ಸುರಿದರೆ, ಅದು ಬಾಗಿಲ ಕಡೆಗೇ ಹರಿದು ಬಂತು! ಮೇಸ್ತ್ರಿ ಪೈಪನ್ನು ಬೆಳಕಿಗೆ ಹಿಡಿದು ನೋಡಿದರು. "ಇಲ್ಲಿ ಗಾಳಿ ಕೂತಿದೆ ಸಾರ್" ಅಂದರು. ಸುಮಾರು 2 ಸೆಂಟಿಮೀಟರ್ ಉದ್ದದ ಗುಳ್ಳೆ.

ಪೈಪು ನೆಲದ ಮೇಲೆ ಮಲಗಿರುವ ಕಡೆ ಗುಳ್ಳೆ ಇದ್ದರೆ ಅಷ್ಟು ತೊಂದರೆಯಿಲ್ಲ. ನೆಟ್ಟಗೆ ನಿಂತ ಭಾಗದಲ್ಲಿ ಗುಳ್ಳೆ ಪೈಪಿನ ಅಗಲ ಪೂರ್ತಿ ತುಂಬಿ ಕೂತರೆ ಮಾತ್ರ ಕಷ್ಟ. ಗಾಳಿಗೆ ತೂಕ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಆ ಕಡೆ ನೀರು ಗುಳ್ಳೆಯ ಉದ್ದದಷ್ಟೇ ಮೇಲೆ ನಿಲ್ಲುತ್ತದೆ. 2 ಸೆಂಟಿಮೀಟರ್ ಗುಳ್ಳೆಗೆ 2 ಸೆಂಟಿಮೀಟರ್ ತಪ್ಪು.

ಆದರೆ ಗಾಳಿ ಹಗುರ ಅಲ್ವಾ, ಅದು ತಾನಾಗಿ ಮೇಲೆ ಬರಬೇಕಿತ್ತಲ್ಲ? ಇದೇ ನನ್ನನ್ನು ಕಾಡಿದ ಪ್ರಶ್ನೆ.

ಗುಳ್ಳೆ ಮೇಲೆ ಬರಬೇಕಾದರೆ ಅದರ ಮೇಲಿನ ನೀರು ಕೆಳಗೆ ಇಳಿಯಬೇಕು. ಬಕೆಟ್ಟಿನಲ್ಲಾದರೆ ಸುತ್ತ ಬೇಕಾದಷ್ಟು ಜಾಗ ಇರುತ್ತದೆ. ಪೈಪಿನಲ್ಲಿ ಗುಳ್ಳೆಗೂ ಗೋಡೆಗೂ ನಡುವಿನ ಸಂದಿಯೊಂದೇ ದಾರಿ. ದಪ್ಪ ಪೈಪಾದರೆ ಗುಳ್ಳೆಯ ತಲೆ ದುಂಡಗಾಗಿ, ಬಂದೂಕಿನ ಗುಂಡಿನ ಹಾಗೆ ಕಾಣುತ್ತದೆ. ಅದರ ಸುತ್ತ ನೀರು ತೆಳುವಾಗಿ ಜಾರಿ ಇಳಿಯುತ್ತದೆ. ಬ್ರಿಟನ್ನಿನ ವಿಜ್ಞಾನಿಗಳಾದ ಡೇವಿಸ್ ಮತ್ತು ಟೇಲರ್ 1950ರಲ್ಲಿ ಇದರ ವೇಗದ ಲೆಕ್ಕ ಕೊಟ್ಟರು. ಎರಡೂವರೆ ಸೆಂಟಿಮೀಟರ್ ಅಗಲದ ಕೊಳವೆಯಲ್ಲಿ ಸೆಕೆಂಡಿಗೆ ಸುಮಾರು 17 ಸೆಂಟಿಮೀಟರ್. ಗುಳ್ಳೆ ಗೇಣುದ್ದ ಇರಲಿ, ಮೊಳದುದ್ದ ಇರಲಿ, ವೇಗ ಅಷ್ಟೇ! ತಲೆಯ ಹತ್ತಿರ ನೀರು ಎಷ್ಟು ಬೇಗ ಪಕ್ಕಕ್ಕೆ ಸರಿಯುತ್ತದೋ, ಅದೇ ಇಡೀ ಗುಳ್ಳೆಯ ವೇಗ.

ಪೈಪು ಸಣ್ಣದಾದಂತೆ ಆಟ ಬದಲಾಗುತ್ತದೆ. ನೀರಿನ ಮೇಲ್ಮೈಗೆ ಒಂದು ಬಿಗಿ ಇದೆ, ಹನಿಯನ್ನು ದುಂಡಗೆ ಇಡುವ ಬಿಗಿ ಅದು. ಸಣ್ಣ ಕೊಳವೆಯಲ್ಲಿ ಅದರದೇ ಕೈ ಮೇಲು. ಗುಳ್ಳೆ ಗೋಡೆಗೆ ಒತ್ತಿಕೊಂಡು ಕೂರುತ್ತದೆ, ನೀರು ಇಳಿಯುವ ಸಂದಿ ಮುಚ್ಚಿದ ಹಾಗೇ. ಬ್ರೆದರ್ಟನ್ ಎಂಬ ವಿಜ್ಞಾನಿ 1961ರಲ್ಲಿ ಇದರ ಗಡಿ ತೋರಿಸಿದರು. ನೀರಿಗೆ ಆ ಗಡಿ ಸುಮಾರು 5 ಮಿಲಿಮೀಟರ್ ಅಗಲ. ನಮ್ಮ ಪೈಪಿನ ಒಳಗಲ ಅಷ್ಟೂ ಇರಲಿಲ್ಲ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕುವಾಗ ನರ್ಸ್ ಟ್ಯೂಬಿಗೆ ಬೆರಳಿನಿಂದ ಟಕಟಕ ಹೊಡೆಯುವುದನ್ನು ನೋಡಿದ್ದೀರಲ್ಲ? ಅಲ್ಲಿಯೂ ಗುಳ್ಳೆ ಸುಮ್ನೆ ಬಿಟ್ಟರೆ ಜಾಗ ಬಿಡುವುದಿಲ್ಲ.

ಹಾಗಾದರೆ ಅದು ನಿಜವಾಗಿಯೂ ನಿಂತೇ ಬಿಟ್ಟಿರುತ್ತದೆಯೇ? ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ, ಇನ್ನೂ ಪದವಿ ಓದುತ್ತಿದ್ದ ಒಬ್ಬ ವಿದ್ಯಾರ್ಥಿ ತನ್ನ ಪ್ರೊಫೆಸರ್ ಜೊತೆ ಸೇರಿ ಇದನ್ನು ಬೆಳಕಿನಿಂದ ಅಳೆದರು. ಮಳೆಗಾಲದಲ್ಲಿ ರಸ್ತೆಯ ಎಣ್ಣೆ ಪೊರೆಯ ಮೇಲೆ ಬಣ್ಣ ಕಾಣುತ್ತದಲ್ಲ, ಅದೇ ಗುಣವನ್ನು ಬಳಸಿಕೊಂಡರು. 2019ರಲ್ಲಿ ಫಲಿತಾಂಶ ಹೊರಬಂತು. ಗುಳ್ಳೆಗೂ ಗೋಡೆಗೂ ನಡುವೆ ನಂಬಲಾಗದಷ್ಟು ತೆಳುವಾದ ದ್ರವದ ಪೊರೆ ಉಳಿದೇ ಇತ್ತು. ಗುಳ್ಳೆ ಏರುತ್ತಲೇ ಇತ್ತು, ಕಣ್ಣಿಗೆ ಗೊತ್ತಾಗದಷ್ಟು ನಿಧಾನವಾಗಿ. ಓದಿದಾಗ ನನಗೆ ಮೈ ಜುಂ ಅಂದಿತು.

ಮೇಸ್ತ್ರಿ ಅಷ್ಟು ಹೊತ್ತು ಕಾಯುವ ಹಾಗಿರಲಿಲ್ಲ. ಪೈಪು ಖಾಲಿ ಮಾಡಿ, ಬಕೆಟ್ಟಿನಲ್ಲಿ ಒಂದು ತುದಿ ಮುಳುಗಿಸಿ, ಇನ್ನೊಂದು ತುದಿಯಿಂದ ಬಾಯಲ್ಲಿ ಎಳೆದು ನೀರು ಹರಿಯಬಿಟ್ಟರು. ಗುಳ್ಳೆಗಳೆಲ್ಲ ಹೊರಗೆ ಹೋಗುವವರೆಗೂ ಕಣ್ಣು ಬಿಡದೆ ನೋಡಿದರು. ಆಮೇಲೆ ಎರಡೂ ತುದಿಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದರು. ನೀರು ಎರಡರಲ್ಲೂ ಒಂದೇ ಸಮ ನಿಂತಿತು. ಆಗಲೇ ಕಿವಿಯ ಮೇಲಿನ ಪೆನ್ಸಿಲ್ ತೆಗೆದರು.