ಎಚ್‌-4 ಇಎಡಿ: ಕಾರ್ಡ್ ಮುಗಿಯುವ ಆರು ತಿಂಗಳ ಮೊದಲೇ ಶುರು ಮಾಡಿ

[ತೆರೆಯ ಮೇಲೆ: ಇಎಡಿ ಕಾರ್ಡ್‌ನ ಮಾದರಿ ಚಿತ್ರ. ಮುಕ್ತಾಯ ದಿನಾಂಕದ ಸುತ್ತ ಕೆಂಪು ಗೆರೆ]

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ಎಚ್‌-4 (ಎಚ್‌-1ಬಿ ಕೆಲಸದ ವೀಸಾ ಇರುವವರ ಸಂಗಾತಿ, ಮಕ್ಕಳ ವೀಸಾ) ಮೇಲೆ ಇದ್ದು ಇಎಡಿ ಕಾರ್ಡ್‌ನಿಂದ, ಅಂದರೆ ಕೆಲಸದ ಅನುಮತಿ ಕಾರ್ಡ್‌ನಿಂದ, ಕೆಲಸ ಮಾಡುತ್ತಿರುವ ಕನ್ನಡಿಗರು ಬಹಳ ಜನ ಇದ್ದೀರಿ. ಮೊದಲ ಸಲ ಅರ್ಜಿ ಹಾಕಲು ಹೊರಟವರೂ ಇದ್ದೀರಿ. ಇಬ್ಬರೂ ಒಂದು ದಿನಾಂಕವನ್ನು ನೆನಪಿಡಬೇಕು: 2025ರ ಅಕ್ಟೋಬರ್ 30.

ಅಲ್ಲಿಯವರೆಗೆ ಒಂದು ಅನುಕೂಲ ಇತ್ತು. ಹಳೆ ಕಾರ್ಡ್ ಮುಗಿಯುವ ಮೊದಲು ರಿನ್ಯೂವಲ್‌ಗೆ ಹಾಕಿದ್ದರೆ, ನಿಮ್ಮ ಐ-94 (ದೇಶದಲ್ಲಿ ಎಲ್ಲಿಯವರೆಗೆ ಇರಬಹುದು ಅನ್ನುವ ದಾಖಲೆ) ಇನ್ನೂ ಚಾಲ್ತಿಯಲ್ಲಿದ್ದರೆ, ಹೊಸ ಕಾರ್ಡ್ ಬರುವ ತನಕ ಹಳೆಯದೇ ತಾನಾಗಿ ಮುಂದುವರಿಯುತ್ತಿತ್ತು. ಗರಿಷ್ಠ 540 ದಿನ. ಅಕ್ಟೋಬರ್ 30 ಮತ್ತು ಅದರ ನಂತರ ಹಾಕಿದ ಅರ್ಜಿಗಳಿಗೆ ಆ ಸೌಲಭ್ಯ ಇಲ್ಲ. ಕಾರ್ಡ್ ಮುಗಿದ ಮಾರನೇ ದಿನದಿಂದ, ಹೊಸದು ಕೈಗೆ ಬಂದಿಲ್ಲ ಅಂದರೆ, ಕೆಲಸ ನಿಲ್ಲಿಸಲೇಬೇಕು. ಲ್ಯಾಪ್‌ಟಾಪ್ ತೆರೆದು ಒಂದು ಇಮೇಲ್‌ಗೆ ಉತ್ತರಿಸುವುದೂ ಬೇಡ. ಅನುಮತಿ ಇಲ್ಲದೆ ಮಾಡಿದ ಕೆಲಸ ಮುಂದೆ ಗ್ರೀನ್ ಕಾರ್ಡ್ ಹೊತ್ತಿಗೆ ತೊಂದರೆ ಕೊಡಬಹುದು.

ಈಗ, ಯಾರಿಗೆ ಸಿಗುತ್ತದೆ? ಎಚ್‌-4 ಇದ್ದವರಿಗೆಲ್ಲ ಅಲ್ಲ. ಗಂಡ ಅಥವಾ ಹೆಂಡತಿಗೆ ಮಾತ್ರ, ಮಕ್ಕಳಿಗೆ ಇಲ್ಲ. ಜೊತೆಗೆ ಎಚ್‌-1ಬಿ ಇರುವವರ ಐ-140 (ಗ್ರೀನ್ ಕಾರ್ಡ್‌ಗಾಗಿ ಹಾಕುವ ವಲಸೆ ಅರ್ಜಿ) ಅಪ್ರೂವ್ ಆಗಿರಬೇಕು, ಇಲ್ಲವೇ ಗ್ರೀನ್ ಕಾರ್ಡ್ ಪ್ರಕ್ರಿಯೆ ಶುರುವಾಗಿರುವ ಕಾರಣಕ್ಕೆ ಅವರ ಎಚ್‌-1ಬಿ ಆರು ವರ್ಷ ದಾಟಿ ವಿಸ್ತರಣೆ ಆಗಿರಬೇಕು. 2015ರ ಮೇ 26ರಂದು ಜಾರಿಗೆ ಬಂದ ನಿಯಮ ಇದು. ಗ್ರೀನ್ ಕಾರ್ಡ್‌ನಲ್ಲಿ ಒಂದೊಂದು ದೇಶಕ್ಕೆ 7% ಮಿತಿ ಇರುವುದರಿಂದ ನಮ್ಮವರ ಸಾಲು ಎಷ್ಟು ಉದ್ದ ಅಂತ ನಿಮಗೇ ಗೊತ್ತು. ಅಷ್ಟು ವರ್ಷ ಓದಿದವರನ್ನು ಮನೆಯಲ್ಲಿ ಕೂರಿಸುವುದು ಅನ್ಯಾಯ. ಈ ನಿಯಮ ಬಂದದ್ದರಿಂದ ಎಷ್ಟೋ ಮನೆಗಳು ಉಸಿರಾಡಿವೆ. ಇದನ್ನು ರದ್ದು ಮಾಡಿಸಲು ಕೋರ್ಟಿಗೆ ಹೋದವರ ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲು 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಹಾಗಾಗಿ ನಿಯಮ ಉಳಿದಿದೆ.

ಎಲ್‌-1 (ಕಂಪನಿಯೊಳಗಿನ ವರ್ಗಾವಣೆಯ ವೀಸಾ) ಮೇಲೆ ಬಂದವರ ಸಂಗಾತಿಗಳ ಕಥೆ ಬೇರೆ. ನಿಮ್ಮ ಐ-94ರಲ್ಲಿ ಎಲ್‌-2ಎಸ್ ಅಂತ ಇದ್ದರೆ ಸಾಕು, ಕೆಲಸ ಮಾಡಲು ಇಎಡಿ ಕಡ್ಡಾಯ ಅಲ್ಲ.

[ತೆರೆಯ ಮೇಲೆ: ಮೇಜಿನ ಮೇಲೆ ಹರಡಿದ ಕಾಗದಪತ್ರಗಳು]

ಎಚ್‌-4ಗೆ ಬರೋಣ. ಇಎಡಿ ಅರ್ಜಿಯ ಫಾರ್ಮ್ ಐ-765. ಎಚ್‌-4 ಸಂಗಾತಿಗಳ ಕೆಟಗರಿ ಸಿ-26. ಪಾಸ್‌ಪೋರ್ಟ್ ಪ್ರತಿ, ನಿಮ್ಮ ಐ-94, ಸಂಗಾತಿಯ ಎಚ್‌-1ಬಿ ಅಪ್ರೂವಲ್ ನೋಟಿಸ್, ಐ-140 ಅಪ್ರೂವಲ್ ನೋಟಿಸ್, ಮದುವೆ ಸರ್ಟಿಫಿಕೇಟ್, ಮುಂಚೆ ಕಾರ್ಡ್ ಇದ್ದರೆ ಅದರ ಎರಡೂ ಬದಿಯ ಪ್ರತಿ. ಸಂಗಾತಿಯ ಈಚಿನ ಪೇ ಸ್ಲಿಪ್‌ಗಳನ್ನೂ ಇಡಿ. ಫಾರ್ಮ್‌ನಲ್ಲಿ ಸಂಗಾತಿಯ ರಸೀದಿ ಸಂಖ್ಯೆ ಕೇಳುವ ಕಡೆ ಎಚ್‌-1ಬಿ ನೋಟಿಸಿನ ಸಂಖ್ಯೆ ಬರೆಯಬೇಕು, ಐ-140ರದ್ದಲ್ಲ.

ಮದುವೆ ಸರ್ಟಿಫಿಕೇಟ್ ಅಂದರೆ ಸಬ್ ರಿಜಿಸ್ಟ್ರಾರ್ ಕಚೇರಿಯದು. ಛತ್ರದ ರಸೀದಿ, ಲಗ್ನಪತ್ರಿಕೆ, ಆಲ್ಬಮ್ ಯಾವುದೂ ಅದರ ಜಾಗ ತುಂಬುವುದಿಲ್ಲ. ಅದರಲ್ಲಿ ಕನ್ನಡ ಇದ್ದರೆ ಪೂರ್ತಿ ಇಂಗ್ಲಿಷ್ ಅನುವಾದ ಬೇಕು, ಸೀಲಿನ ಒಳಗಿರುವ ಅಕ್ಷರ ಸಮೇತ. ಅನುವಾದಕ್ಕೆ ದೊಡ್ಡ ಕಂಪನಿಗೆ ದುಡ್ಡು ಸುರಿಯಬೇಕಿಲ್ಲ. ಎರಡೂ ಭಾಷೆ ಚೆನ್ನಾಗಿ ಬಲ್ಲವರು, ನಿಮ್ಮ ಮನೆಯವರಲ್ಲದಿದ್ದರೆ ಒಳ್ಳೆಯದು, ‘ನನಗೆ ಎರಡೂ ಭಾಷೆ ಬರುತ್ತದೆ, ಈ ಅನುವಾದ ಪೂರ್ಣ ಮತ್ತು ಸರಿ’ ಅಂತ ಬರೆದು ಸಹಿ, ಹೆಸರು, ವಿಳಾಸ, ತಾರೀಕು ಹಾಕಿದರೆ ಆಯಿತು.

ಹೆಸರಿನ ವಿಷಯದಲ್ಲಿ ನಮ್ಮವರಿಗೆ ಜಾಸ್ತಿ ಕಾಟ. ಇನಿಷಿಯಲ್ ಇಟ್ಟುಕೊಂಡು ಬೆಳೆದವರು ನಾವು. ಮದುವೆ ಸರ್ಟಿಫಿಕೇಟ್‌ನಲ್ಲಿ ‘ಕೆ. ಎಸ್. ಸುಮಾ’, ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರು. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾಲಿ ಬಿಟ್ಟಿದ್ದರೆ ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ ಅಂತ) ಕೂತಿರುತ್ತದೆ. ಅರ್ಜಿ ಹಾಕುವ ಮೊದಲು ಪಾಸ್‌ಪೋರ್ಟ್, ವೀಸಾ, ಐ-94 ಮೂರನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ನೋಡಿ. ಬೇರೆ ಬೇರೆ ರೂಪದಲ್ಲಿರುವ ಹೆಸರನ್ನೆಲ್ಲ ‘ಬಳಸಿದ ಇತರ ಹೆಸರುಗಳು’ ಅನ್ನುವ ಕಡೆ ಬರೆದುಬಿಡಿ. ಮುಚ್ಚಿಡುವಂಥದ್ದು ಅದರಲ್ಲಿ ಏನೂ ಇಲ್ಲ.

2024ರ ಏಪ್ರಿಲ್ 1ರಿಂದ ಕಾಗದದ ಐ-765ಗೆ 520 ಡಾಲರ್, ಎಚ್‌-4 ವಿಸ್ತರಣೆಯ ಐ-539ಗೆ 470 ಡಾಲರ್. ಎರಡಕ್ಕೂ ಬೇರೆ ಬೇರೆಯಾಗಿ ಕಟ್ಟಬೇಕು. ಕಳಿಸುವ ದಿನ ಫೀಸು ಮತ್ತು ಫಾರ್ಮ್‌ನ ಆವೃತ್ತಿ ಎರಡನ್ನೂ ಯುಎಸ್‌ಸಿಐಎಸ್ (ಅಮೆರಿಕದ ವಲಸೆ ಸೇವೆಗಳ ಇಲಾಖೆ) ವೆಬ್‌ಸೈಟಿನಲ್ಲಿ ನೋಡಿಯೇ ಕಳಿಸಿ. ಹಳೆ ಫಾರ್ಮ್ ಹೋದರೆ ಕಟ್ಟು ಕಟ್ಟಾಗಿ ವಾಪಸ್ ಬರುತ್ತದೆ, ವಾರಗಟ್ಟಲೆ ಸಮಯ ಸುಮ್ನೆ ಹೋಗುತ್ತದೆ.

[ತೆರೆಯ ಮೇಲೆ: ಕ್ಯಾಲೆಂಡರ್. ಒಂದೇ ದಿನಾಂಕಕ್ಕೆ ಮೂರು ಗುರುತು: ಎಚ್‌-1ಬಿ, ಎಚ್‌-4, ಇಎಡಿ]

ಇನ್ನು ಗಂಟು ಇರುವುದು ಇಲ್ಲಿ. ಕಾರ್ಡ್ ಮುಗಿಯುವ 180 ದಿನ ಮೊದಲೇ ರಿನ್ಯೂವಲ್ ಹಾಕಬಹುದು. ಆದರೆ ಬಹಳ ಜನರಿಗೆ ಇಎಡಿ, ಎಚ್‌-4, ಸಂಗಾತಿಯ ಎಚ್‌-1ಬಿ ಮೂರೂ ಒಂದೇ ದಿನ ಮುಗಿಯುತ್ತವೆ. ಎಚ್‌-4 ವಿಸ್ತರಣೆ ಆಗದೆ ಹೊಸ ಇಎಡಿ ಕೊಡುವುದಿಲ್ಲ. ಎಚ್‌-1ಬಿ ವಿಸ್ತರಣೆಗೆ ಹಾಕದೆ ಎಚ್‌-4 ವಿಸ್ತರಣೆ ಕೇಳಲು ಆಗುವುದಿಲ್ಲ. ಅಂದರೆ ನಿಮ್ಮ ಕೆಲಸ ಉಳಿಯುವುದು ಸಂಗಾತಿಯ ಕಂಪನಿ ಎಷ್ಟು ಬೇಗ ಫೈಲ್ ಮಾಡುತ್ತದೆ ಅನ್ನುವುದರ ಮೇಲೆ. ಎಚ್‌-1ಬಿಗೆ ಪ್ರೀಮಿಯಂ (ಹೆಚ್ಚು ಫೀಸು ಕಟ್ಟಿ ಬೇಗ ಉತ್ತರ ಪಡೆಯುವ ಸೌಲಭ್ಯ) ಇದೆ, 15 ಕೆಲಸದ ದಿನದಲ್ಲಿ ಉತ್ತರ ಬರುತ್ತದೆ. ನಿಮ್ಮ ಎರಡು ಅರ್ಜಿಗಳಿಗೆ ಪ್ರೀಮಿಯಂ ಇಲ್ಲ.

ಕಂಪನಿಗಳು ಎಷ್ಟೋ ಕಡೆ ಎರಡು ಮೂರು ತಿಂಗಳು ಇರುವಾಗ ಫೈಲ್ ತೆರೆಯುತ್ತವೆ. ಅವರ ಉದ್ಯೋಗಿಗೆ ಅದರಿಂದ ನಷ್ಟ ಇಲ್ಲ, ಯಾಕೆಂದರೆ ಎಚ್‌-1ಬಿ ಅರ್ಜಿ ಬಾಕಿ ಇರುವಾಗ 240 ದಿನದವರೆಗೆ ಅದೇ ಕೆಲಸ ಮುಂದುವರಿಸಬಹುದು. ನಷ್ಟ ನಿಮಗೆ. ಹಾಗಾಗಿ ಏಳೆಂಟು ತಿಂಗಳು ಇರುವಾಗಲೇ ಸಂಗಾತಿ ತಮ್ಮ ಎಚ್‌ಆರ್‌ಗೆ ಬರೆಯಲಿ: ‘ಆರು ತಿಂಗಳ ಕಿಟಕಿ ತೆರೆದ ದಿನವೇ ಫೈಲ್ ಮಾಡಿ, ನನ್ನ ಹೆಂಡತಿಯ ಐ-539, ಐ-765 ಜೊತೆಗೇ ಹೋಗಬೇಕು.’ ಕೇಳಲು ಸಂಕೋಚ ಬೇಡ. ಇದು ಒಂದು ಸಂಬಳದ ಪ್ರಶ್ನೆ ಅಲ್ವಾ?

ನಿಮ್ಮ ಎಚ್‌ಆರ್‌ ಜೊತೆಯೂ ಮೊದಲೇ ಮಾತಾಡಿ. ಕಾರ್ಡ್ ತಡವಾದರೆ ಸಂಬಳವಿಲ್ಲದ ರಜೆ ಕೊಡುತ್ತಾರಾ, ಇನ್ಶೂರೆನ್ಸ್ ಉಳಿಯುತ್ತದಾ ಅಂತ ಕೇಳಿ, ಉತ್ತರವನ್ನು ಬರಹದಲ್ಲಿ ಇಟ್ಟುಕೊಳ್ಳಿ. ಇನ್ಶೂರೆನ್ಸ್ ನಿಮ್ಮ ಕೆಲಸದಿಂದಲೇ ಇದ್ದರೆ ಇದು ತುಂಬಾ ಮುಖ್ಯ.

ಕೊನೆಗೆ ವಿಳಾಸ. ಅರ್ಜಿ ಬಾಕಿ ಇರುವಾಗ ಮನೆ ಬದಲಾಯಿಸಿದರೆ 10 ದಿನದೊಳಗೆ ಯುಎಸ್‌ಸಿಐಎಸ್‌ಗೆ ತಿಳಿಸಿ. ಅಂಚೆ ಕಚೇರಿಗೆ ಮಾತ್ರ ಹೇಳಿದರೆ ಸಾಲದು, ಇಎಡಿ ಕಾರ್ಡನ್ನು ಅವರು ಹೊಸ ವಿಳಾಸಕ್ಕೆ ಕಳಿಸುವುದಿಲ್ಲ, ವಾಪಸ್ ಮಾಡುತ್ತಾರೆ. ಹಳೆ ಮನೆಯ ಲೀಸ್ ಮುಗಿಯುವ ತಿಂಗಳನ್ನೂ ಅದೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ.